ಬೋರಣ್ಣ ಹಿಡಿದ ಸೀಟು

ಇಪ್ಪತ್ತೆರಡು ವರ್ಷ ನಾನು ಓಡಿಸಿದ ಬಸ್ಸಿಗೆ ಜನ ಇಟ್ಟ ಹೆಸರು ‘ಬೋರಣ್ಣನ ಬಸ್ಸು’. ಬೋರಣ್ಣ ಅದರ ಕಂಡಕ್ಟರ್. ಸ್ಟೇರಿಂಗ್ ಹಿಡಿದವನು ನಾನು, ಸಾಸ್ವೆಹಳ್ಳಿ ಹತ್ತಿರ ಎಮ್ಮೆ ಅಡ್ಡ ಬಂದಾಗ ಐವತ್ತು ಜನರ ಜೀವ ಉಳಿಸಿದವನೂ ನಾನೇ. ಆದರೂ ಅದು ಬೋರಣ್ಣನ ಬಸ್ಸು. ಬಸ್ಸಿನ ಹಣೆಯ ಮೇಲೆ ಸಾಹುಕಾರರು ತಮ್ಮ ಮನೆದೇವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅದನ್ನೂ ಯಾರೂ ಹೇಳುತ್ತಿರಲಿಲ್ಲ. ದೇವರಿಗೇ ಇಲ್ಲದ ಮರ್ಯಾದೆ ಡ್ರೈವರ್ ನಾಗೇಂದ್ರಪ್ಪನಿಗೆ ಎಲ್ಲಿಂದ ಬರಬೇಕು?

ಮೊದಲೇ ಹೇಳಿಬಿಡುತ್ತೇನೆ, ಬೋರಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ. ಅವನ ಬಗ್ಗೆ ಬೇರೆ ಯಾರನ್ನೇ ಕೇಳಿದರೂ ‘ಒಳ್ಳೇ ಮನುಷ್ಯ’ ಅಂತ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಪ್ರೀತಿ ಇರುವವರು ಅಷ್ಟು ಬಾರೀಕಾಗಿ ನೋಡುವುದಿಲ್ಲ. ಅವನು ಎಷ್ಟು ಹೊತ್ತಿಗೆ ಟೀ ಕುಡಿದ, ಯಾರ ಜೊತೆ ನಕ್ಕ, ಯಾರು ಅವನಿಗೆ ಏನು ಕೊಟ್ಟರು, ಎಲ್ಲವನ್ನೂ ಲೆಕ್ಕವಿಟ್ಟವನು ನಾನು. ಹಾಗಾಗಿ ಅವನ ಕತೆ ಹೇಳಲು ನನಗಿಂತ ಯೋಗ್ಯರು ಈ ನಾಲ್ಕು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ.

ಅವನು ಜಗಳೂರು ಕಡೆಯವನು. ಏಳನೇ ಕ್ಲಾಸಿಗೆ ಪಾಟಿಚೀಲ ಬಿಸಾಕಿ, ಹದಿನೆಂಟಕ್ಕೆ ಹೊನ್ನಾಳಿಗೆ ಬಂದು ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ. ಚನ್ನಗಿರಿಯಿಂದ ನಾನು ಬಂದು ಸೇರುವ ಹೊತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಕಂಡಕ್ಟರ್ ಆಗಿದ್ದ. ನಮ್ಮದು ದಿನಕ್ಕೆ ಎರಡು ಟ್ರಿಪ್ಪು. ಹೊನ್ನಾಳಿ ಬಿಟ್ಟು ಚನ್ನಗಿರಿ ಮೇಲೆ ಸೂಳೆಕೆರೆ, ಅಲ್ಲಿಂದ ತಿರುಗಿ ಮತ್ತೆ ಹೊನ್ನಾಳಿ, ನ್ಯಾಮತಿ, ಸವಳಂಗ. ಇಷ್ಟು ದಾರಿಯಲ್ಲಿ ಯಾವ ಅಜ್ಜಿಗೆ ಮಂಡಿನೋವು, ಯಾವ ಹುಡುಗಿಗೆ ಪರೀಕ್ಷೆ, ಯಾರ ಮನೆ ಎಮ್ಮೆ ಕರು ಹಾಕಿದೆ, ಎಲ್ಲ ಅವನಿಗೆ ಗೊತ್ತಿತ್ತು. ಕೆರೆಯ ಹತ್ತಿರ ಮೀನಿನ ಬುಟ್ಟಿ ಹತ್ತಿಸುವವರು ಇಳಿಯುವಾಗ ಎರಡು ಮೀನು ಅವನ ಕೈಗಿಡುತ್ತಿದ್ದರು. ಆಮೇಲೆ ಏನೋ ನೆನಪಾದವರಂತೆ, “ಡ್ರೈವರ್‌ಗೂ ಒಂದು ಕೊಡ್ರಿ” ಅನ್ನುತ್ತಿದ್ದರು. ಅವನಿಗೆ ಎರಡು, ನನಗೆ ಒಂದು. ಅದೂ ಅವನ ಕೈಯಿಂದಲೇ ಬರಬೇಕು.

ಬಸ್ಸಿನಲ್ಲಿ ಸೀಟಿನ ಜಗಳ ದಿನಾ ಇರುತ್ತಿತ್ತು. ಸಂತೆಯ ದಿನ ಹೊನ್ನಾಳಿ ಸ್ಟ್ಯಾಂಡಿಗೆ ಬಸ್ಸು ತಿರುಗುವ ಮುಂಚೆಯೇ ಕಿಟಕಿಯಿಂದ ಟವೆಲು, ಕರ್ಚೀಫು, ಒಂದೊಂದು ಸಲ ಚಪ್ಪಲಿಯೂ ಒಳಗೆ ಬೀಳುತ್ತಿತ್ತು. ಬೋರಣ್ಣನದು ಒಂದೇ ಕಾನೂನು. ಟವೆಲು ಬಿದ್ದ ಸೀಟು ಟವೆಲಿನವನದು. ಅವನು ಬರುವುದು ಹತ್ತು ನಿಮಿಷ ತಡವಾದರೂ ಅವನದೇ. ಅವನೇ ತನ್ನ ಕೈಯಿಂದ ಟವೆಲು ಎತ್ತಿ ಕೊಟ್ಟರೆ ಮಾತ್ರ ಸೀಟು ಖಾಲಿ. ಈ ಕಾನೂನಿನ ಮುಂದೆ ಪೊಲೀಸಿನವರು, ಮೇಷ್ಟ್ರು, ಪಂಚಾಯ್ತಿ ಮೆಂಬರು ಎಲ್ಲರೂ ತಲೆಬಾಗಿ ನಿಂತು ಪ್ರಯಾಣ ಮಾಡಿದ್ದಾರೆ.

ನಮ್ಮಿಬ್ಬರ ನಡುವೆ ಮಾತು ಕಡಿಮೆ. ಅವನು ಹಿಂದಿನಿಂದ ‘ಹೋಲ್ಡಾನ್’ ಅಂದರೆ ನಾನು ಬ್ರೇಕು ಹಾಕಬೇಕು, ‘ರೈಟ್’ ಅಂದರೆ ಬಿಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಆ ಎರಡು ಮಾತನ್ನು ಎಷ್ಟು ಲಕ್ಷ ಸಲ ಹೇಳಿದನೋ ಏನೋ. ಅದರಾಚೆಗೆ ಮನಸ್ಸಿನ ಮಾತು ಅಂತ ನಾವು ಆಡಿದ್ದು ಬಹಳ ಇಲ್ಲ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ನಮ್ಮ ಬಸ್ಸಿನ ಸೀಟುಗಳ ಮೇಲೆ ಟವೆಲು ಬೀಳುವುದು ನಿಂತಿತು. ಸಾಹುಕಾರರು ಒಂದು ವರ್ಷ ನೋಡಿ, ಕೈಗಿಷ್ಟು ದುಡ್ಡು ಕೊಟ್ಟು ಬಸ್ಸು ನಿಲ್ಲಿಸಿಬಿಟ್ಟರು. ನಾನು ಕಾನ್ವೆಂಟ್ ಸ್ಕೂಲಿನ ವ್ಯಾನು ಹಿಡಿದೆ. ಬೋರಣ್ಣ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ಹಾಕಿದ. ಬಸ್ಸಿಲ್ಲದಿದ್ದರೂ ಜನ ಬಂದರು. ಬಜ್ಜಿಗೆ ಬಂದರೋ ಅವನಿಗೆ ಬಂದರೋ ಗೊತ್ತಿಲ್ಲ. ನನ್ನ ವ್ಯಾನಿನ ಮಕ್ಕಳು ಮಾತ್ರ ನನ್ನನ್ನು ‘ವ್ಯಾನ್ ಅಂಕಲ್’ ಅನ್ನುತ್ತಿದ್ದವು. ಇಲ್ಲೂ ನನಗೆ ಹೆಸರಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಅವನು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ.

“ಇಲ್ನೋಡ್ರಿ ನಾಗೇಂದ್ರಣ್ಣ. ಸಿಂಗಾಪುರ ಅಂತೆ. ಬಸ್ಸಿನ ಮೇಲೊಂದು ಬಸ್ಸು. ಮೇಲ್ಗಡೆ ಮುಂದಿನ ಸೀಟು ನೋಡ್ರಿ, ಎದುರಿಗೆ ಬರೇ ಗಾಜು.”

“ಡ್ರೈವರ್ ಎಲ್ಲಿ?”

“ಕೆಳಗವ್ನೆ.”

“ಏನೀಗ?”

“ನಾನು ಅಲ್ಲಿಗೆ ಹೋಗಿ ಆ ಸೀಟ್ನಾಗೆ ಕೂರ್ತೀನಿ.”

“ಡ್ರೈವರ್ ತಲೆ ಮೇಲೆ ಕೂರಾಕೆ ಸಿಂಗಾಪುರಕ್ಕೆ ಹೋಗ್ತೀಯಾ? ಅಂಥ ಬಸ್ಸು ಬೊಂಬಾಯಾಗೂ ಐತೆ.”

“ಹೋಗೋದು ಒಂದ್ಸಲ. ನಡುವೆ ಯಾಕೆ ಇಳೀಬೇಕು? ಕೊನೇ ಸ್ಟಾಪ್‌ತನಕ ಹೋಗಾನ. ಇಪ್ಪತ್ತೆರಡು ವರ್ಷ ನಿಂತ್ಕಂಡೇ ಬಂದೀನಣ್ಣ, ಒಂದ್ಸಲ ಮುಂದೆ ಕೂರ್ಬೇಕು.”

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬೋರಣ್ಣ ಬಾಯಿಮಾತಿನವನಲ್ಲ. ನಮಗೆ ದಿನಾ ಸಿಗುತ್ತಿದ್ದ ಬಾಟಾದಲ್ಲಿ ಹತ್ತು ರೂಪಾಯಿ ತೆಗೆದು ಪೋಸ್ಟಾಫೀಸಿಗೆ ಹಾಕುತ್ತಿದ್ದನಂತೆ. ಅದೇ ಹತ್ತು ರೂಪಾಯಿಗೆ ನಾನು ಎರಡನೇ ಸಲ ಟೀ ಕುಡಿಯುತ್ತಿದ್ದೆ. ನನ್ನ ಟೀ ಎಲ್ಲಿ ಹೋಯಿತೋ ಗೊತ್ತಿಲ್ಲ, ಅವನ ಹತ್ತು ರೂಪಾಯಿ ಸಿಂಗಾಪುರಕ್ಕೆ ಹೊರಟು ನಿಂತಿತ್ತು.

ಅವನ ಅಂಗಡಿ ಆವತ್ತಿನಿಂದ ಬುಕಿಂಗ್ ಆಫೀಸಾಯಿತು. ಸೈಬರ್ ಸೆಂಟರಿನ ಪ್ರವೀಣ್ ಕುಮಾರ್ ಸಂಜೆ ಹೊತ್ತು ಬಂದು, ಯಾವ ತಿಂಗಳು, ಯಾವ ವಾರ ವಿಮಾನದ ಟಿಕೆಟ್ ಅಗ್ಗ ಅಂತ ಹುಡುಕಿ ಹೇಳುತ್ತಿದ್ದ. ಬೋರಣ್ಣ ಹಳೆಯ ಟ್ರಿಪ್ ಶೀಟುಗಳ ಬೆನ್ನಿಗೆ ಅದನ್ನೆಲ್ಲ ಬರೆಯುತ್ತಿದ್ದ. ದಿನದ ಟಿಕೆಟ್ ಲೆಕ್ಕ ಬರೆಯುತ್ತಿದ್ದ ಹಾಳೆಗಳವು, ಬಸ್ಸು ನಿಂತ ಮೇಲೂ ಒಂದು ಕಟ್ಟು ಇಟ್ಟುಕೊಂಡಿದ್ದ. ಹೊನ್ನಾಳಿ ಟು ಬೆಂಗಳೂರು ಮೊದಲನೇ ಸ್ಟೇಜು, ಏರ್‌ಪೋರ್ಟ್ ಎರಡನೇ ಸ್ಟೇಜು, ಹೀಗೆ. ಆ ಊರಿನಲ್ಲಿ ಒಂದು ಲೋಟ ಕಾಫಿಯ ದುಡ್ಡಿಗೆ ನಮ್ಮಲ್ಲಿ ಮನೆಮಂದಿಯೆಲ್ಲ ಊಟ ಮಾಡಬಹುದು ಅಂತ ಪ್ರವೀಣ್ ಹೆದರಿಸಿದರೆ, ಬೋರಣ್ಣ ಅದಕ್ಕೂ ಉಪಾಯ ಹೂಡಿದ್ದ. ಟ್ಯಾಕ್ಸಿ ಬೇಡ, ಬರೀ ಬಸ್ಸು. ದುಡ್ಡು ಕೊಟ್ಟು ನೋಡುವ ಜಾಗ ಬೇಡ, ಪುಕ್ಕಟೆ ತೋಟ ಇದೆಯಂತೆ, ರಾತ್ರಿ ನೀರಿನ ದಂಡೆಯಲ್ಲಿ ಪುಕ್ಕಟೆ ದೀಪದಾಟ ಇದೆಯಂತೆ. ನಲ್ಲಿ ನೀರೇ ಕುಡಿಯಬಹುದಂತೆ. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ.

“ವಿಮಾನದಾಗೆ ಏಳೇ ಕೆಜಿ ಬಿಡ್ತಾರಂತೆ. ಮಂಡಕ್ಕಿಗೆ ತೂಕ ಎಲ್ಲೈತ್ರಿ? ಚೀಲ ತುಂಬಾ ಹಾಕಿದ್ರೂ ಅರ್ಧ ಕೆಜಿ,” ಅಂದ. ಇಡೀ ಸ್ಟ್ಯಾಂಡು ಭೇಷ್ ಅಂದಿತು. ಅಲ್ಲಿ ಉಗುಳಿದರೆ ದಂಡ ಅಂತ ಕೇಳಿ ಕಡ್ಡಿಪುಡಿ ಹಾಕುವುದನ್ನೂ ಬಿಟ್ಟ. ಅದಕ್ಕೂ ಭೇಷ್. ಮೂವತ್ತು ವರ್ಷದಿಂದ ಕಡ್ಡಿಪುಡಿ ಮುಟ್ಟದ ನನಗೆ ಯಾರೂ ಒಂದು ದಿನ ಭೇಷ್ ಅಂದಿಲ್ಲ.

ಬೋರಣ್ಣನ ಪಾಸ್‌ಪೋರ್ಟ್ ಬಂದ ದಿನ ಅಂಗಡಿಗೆ ಬಂದವರಿಗೆಲ್ಲ ಬಜ್ಜಿ ಬಿಟ್ಟಿ. ಪುಟ್ಟ ನೀಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು. ನನ್ನ ಕೈಗೆ ಬಂದಾಗ ಅದರ ಅಂಚಿಗೆ ಎಣ್ಣೆ ಮೆತ್ತಿತ್ತು. ಅವತ್ತು ರಾತ್ರಿ ನಾನು ಸರಿಯಾಗಿ ಉಣ್ಣಲಿಲ್ಲ. ಮುಂದಿನ ವಾರ ಹೆಂಡತಿ ಬಂಗಾರಮ್ಮನಿಗೆ ‘ವ್ಯಾನಿನ ಇನ್ಶೂರೆನ್ಸ್ ಕೆಲಸ ಐತೆ’ ಅಂತ ಸುಳ್ಳು ಹೇಳಿ ದಾವಣಗೆರೆಗೆ ಹೋಗಿ ನಾನೂ ಪಾಸ್‌ಪೋರ್ಟಿಗೆ ಹಾಕಿದೆ. ಠಾಣೆಗೆ ಕರೆದು ವಿಚಾರಿಸಿದರು, ಸಹಿ ಹಾಕಿ ಬಂದೆ. ಪುಸ್ತಕ ಬಂದಾಗ ಪೋಸ್ಟ್‌ಮನ್ ಕೈಯಿಂದ ದಾರಿಯಲ್ಲೇ ಇಸಿದುಕೊಂಡು, ವ್ಯಾನಿನ ಕಾಗದಪತ್ರದ ಅಡಿಯಲ್ಲಿ ಬಚ್ಚಿಟ್ಟೆ. ಯಾಕೆ ಮಾಡಿಸಿದೆ ಅಂತ ಕೇಳಿದರೆ ಹೇಳಲು ನಾಚಿಕೆ. ಅವನು ನನ್ನನ್ನು ಕರೆಯಬಹುದು ಅಂತ. ಕರೆದೇ ಕರೆಯುತ್ತಾನೆ, ನನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ ಅಂತ.

ಏಕೆಂದರೆ ಅವನ ಟ್ರಿಪ್ ಶೀಟಿನಲ್ಲಿ ಒಂದು ಸ್ಟೇಜು ಕೂಡುತ್ತಿರಲಿಲ್ಲ. ಅದು ರೂಮು. ತಮಿಳರ ಬೀದಿಯಲ್ಲಿ ಮೇಲೊಂದು ಕೆಳಗೊಂದು ಮಂಚ ಇರುವ ಸಣ್ಣ ರೂಮೊಂದನ್ನು ಪ್ರವೀಣ್ ಹುಡುಕಿದ್ದ. ಇಬ್ಬರಾದರೆ ತಲೆಗೆ ಅರವತ್ತು ಸಾವಿರದೊಳಗೆ ಎಲ್ಲ ಮುಗಿಯುತ್ತದೆ. ಒಬ್ಬನೇ ಆದರೆ ಪೂರ್ತಿ ಬಾಡಿಗೆ ಅವನದೇ, ಹಾಸಿಗೆಗಿಂತ ಕಾಲು ಉದ್ದ. ಹೆಂಡತಿ ಲಕ್ಷ್ಮಕ್ಕ ‘ನಾನು ವಿಮಾನ ಹತ್ತಾಕೆ ಒಲ್ಲೆ’ ಅಂತ ಕಡ್ಡಿ ಮುರಿದಂತೆ ಹೇಳಿದ್ದಳು. ಹಾಗಾಗಿ ಆ ಎರಡನೇ ಮಂಚ ಯಾರಿಗೆ ಅನ್ನುವುದು ಸ್ಟ್ಯಾಂಡಿನ ದೊಡ್ಡ ಪ್ರಶ್ನೆಯಾಯಿತು. ಗೊಬ್ಬರದ ಅಂಗಡಿಯ ಗುರುಬಸವರಾಜ್ ದಿನಾ ಬಂದು ಕೂರುತ್ತಿದ್ದ. ಅವನು ಒಂದು ಸಲ ದುಬೈಗೆ ಹೋಗಿ ಬಂದವನು, ಅದನ್ನು ನೂರು ಸಲ ಹೇಳಿದವನು. ತನ್ನ ಚಕ್ರದ ಸೂಟ್‌ಕೇಸನ್ನು ಬೋರಣ್ಣನಿಗೆ ಕೊಡುತ್ತೇನೆ ಅಂದಿದ್ದ. ನನಗೆ ಚಕ್ರದ ಸೂಟ್‌ಕೇಸೂ ಇಲ್ಲ, ದುಬೈಯೂ ಇಲ್ಲ. ಸಾಹುಕಾರರು ಕೊಟ್ಟದ್ದರಲ್ಲಿ ಉಳಿದ ದುಡ್ಡು ಬ್ಯಾಂಕಿನಲ್ಲಿತ್ತು. ನೀಲಿ ಪುಸ್ತಕ ವ್ಯಾನಿನಲ್ಲಿತ್ತು. ಕೇಳಿದರೆ ಸಾಕು, ಹೂಂ ಅನ್ನುವವನಿದ್ದೆ. ನಾನಾಗಿ ಕೇಳುವುದು ಮಾತ್ರ ನನ್ನಿಂದಾಗದ ಕೆಲಸ. ಮೀನನ್ನೇ ಅವನ ಕೈಯಿಂದ ಇಸಿದುಕೊಂಡು ಸಾಕಾಗಿದೆ, ಸಿಂಗಾಪುರವನ್ನೂ ಬೇಡಿ ಇಸಿದುಕೊಳ್ಳಬೇಕೇ?

ಆ ಹೊತ್ತಿನಲ್ಲೇ ಟವೆಲು ಬಂದದ್ದು.

ಒಂದು ಸಂಜೆ ವ್ಯಾನು ನಿಲ್ಲಿಸಿ ಮನೆಗೆ ಬಂದರೆ ಬಂಗಾರಮ್ಮ ಕೆಂಪು ಅಂಚಿನ ಚೌಕಳಿ ಟವೆಲೊಂದನ್ನು ಕೈಗಿಟ್ಟಳು.

“ಬೋರಣ್ಣಾರು ಬಂದಿದ್ರು. ಕೂತ್ಕಳ್ರಿ ಅಂದ್ರೂ ಕೂರ್ಲಿಲ್ಲ. ಇದನ್ನ ನಿಮಗೆ ಕೊಡಾಕೆ ಹೇಳಿದ್ರು.”

“ಏನಂತೆ?”

“ಏನೂ ಹೇಳ್ಲಿಲ್ಲ. ‘ಅಣ್ಣಗೆ ಗೊತ್ತಾಗ್ತೈತೆ’ ಅಂದ್ರು.”

ನನಗೆ ಗೊತ್ತಾಯಿತು ಅಂತಲೇ ಅಂದುಕೊಂಡೆ. ಹಿಂದಿನ ತಿಂಗಳು ಅವನ ಮಗಳು ನಾಗರತ್ನ ಜಗಳೂರಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ್ದಳು. ಬಂದ ಗಂಡಸರಿಗೆಲ್ಲ ಟವೆಲು ಹೊದಿಸಿದರಂತೆ. ವ್ಯಾನಿನ ನೆಪ ಹೇಳಿ ನಾನು ಹೋಗಿರಲಿಲ್ಲ. ಅವನ ಮಗಳ ಮನೆಯ ಟೈಲ್ಸು, ಗ್ರಾನೈಟು ನೋಡಿ ಉರಿದುಕೊಳ್ಳುವುದಕ್ಕಿಂತ ಇಲ್ಲೇ ಇರುವುದು ಮೇಲು ಅನ್ನಿಸಿತ್ತು. ಅಲ್ಲಿ ಮಿಕ್ಕ ಟವೆಲನ್ನು ಈಗ ನನ್ನ ಮನೆ ಬಾಗಿಲಿಗೆ ತಂದು ಹಾಕಿದ್ದಾನೆ. ಋಣ ಹರಿಯಿತು, ಇನ್ನು ನೀನ್ಯಾರೋ ನಾನ್ಯಾರೋ ಅನ್ನುವ ಹಾಗೆ. ಇಪ್ಪತ್ತೆರಡು ವರ್ಷಕ್ಕೆ ಒಂದು ಟವೆಲು! ಅದನ್ನು ಟ್ರಂಕಿನ ಮೇಲೆ ಬಿಸಾಡಿದೆ. ಬಂಗಾರಮ್ಮ “ಚೆನ್ನಾಗೈತಲ್ರಿ” ಅಂದಳು. “ನೀನೇ ಹೊದ್ಕ” ಅಂದೆ.

ನಾಲ್ಕು ದಿನ ಬಿಟ್ಟು ನಾನು ಬೋರಣ್ಣನ ಅಂಗಡಿಯಲ್ಲಿ ಕೂತಿದ್ದಾಗ ಗುರುಬಸವರಾಜ್ ನೇರವಾಗಿ ಕೇಳೇಬಿಟ್ಟ. “ಬೋರಣ್ಣ, ಕೊನೇ ಮಾತು ಹೇಳಪ್ಪ. ಆ ಇನ್ನೊಂದು ಮಂಚ ನಂಗೆ ಬಿಡ್ತೀಯೋ ಇಲ್ವೋ? ಪಾಸ್‌ಪೋರ್ಟು ರೆಡಿ ಐತೆ, ದುಡ್ಡು ರೆಡಿ ಐತೆ.”

ಬೋರಣ್ಣ ಬಾಣಲೆಯಿಂದ ಬಜ್ಜಿ ತೆಗೆಯುತ್ತಿದ್ದ. ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದ. ನಾನು ತಟ್ಟೆಯ ಕಡೆ ನೋಡಿದೆ.

“ಇಲ್ಲ ಗುರಣ್ಣ. ಆ ಸೀಟು ಆಗ್ಲೇ ಹಿಡಿದಾಗೈತೆ,” ಅಂದ.

“ಯಾರಿಗೆ?”

“ಯಾರಿಗೆ ಹಿಡಿದೀನೋ ಅವ್ರಿಗೆ ಗೊತ್ತೈತೆ ಬಿಡ್ರಿ.”

ನಾನು ಅರ್ಧ ತಿಂದ ಬಜ್ಜಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಯಾರಿಗೂ ಹೇಳದೆ ಒಳಗೊಳಗೇ ಯಾರನ್ನೋ ಹಿಡಿದುಬಿಟ್ಟಿದ್ದಾನೆ! ಯಾರದು? ಜಗಳೂರಿನ ಬೀಗರೇ? ಅಳಿಯನೇ? ಅವನು ಯಾರೇ ಆಗಲಿ, ಅವನ ವಿಮಾನ ಹಾರದಿರಲಿ, ಅವನ ಹೊಟ್ಟೆ ಕೆಡಲಿ, ಆ ಮೇಲಿನ ಮಂಚ ಮುರಿದು ಬೀಳಲಿ ಅಂತ ಮನಸ್ಸಿನಲ್ಲೇ ಶಾಪ ಹಾಕುತ್ತ ಮನೆಗೆ ಬಂದೆ. ಟ್ರಂಕಿನ ಮೇಲೆ ಆ ಟವೆಲು ಇತ್ತು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಹಳೇ ಪೇಪರಿನಲ್ಲಿ ಸುತ್ತಿ, ಆಟೋ ಓಡಿಸುವ ಕೆಂಚೇಶನನ್ನು ಕರೆದೆ.

“ಇದನ್ನ ಬೋರಣ್ಣನ ಕೈಗೇ ಕೊಡು. ನಾಗೇಂದ್ರಪ್ಪಗೆ ಬೇಡವಂತೆ ಅಂತ ಹೇಳು.”

“ಅಷ್ಟೇ ಹೇಳ್ಬೇಕಾ ಅಣ್ಣ?”

“ಅಷ್ಟೇ.”

ಹೇಳಿ ಕಳಿಸಿದ ಮೇಲೆ ಎದೆ ಹಗುರಾಯಿತು. ಮುಖದ ಮೇಲೆ ಹೊಡೆದಂತೆ ಹೇಳಿದೆ ಅನ್ನುವ ಹೆಮ್ಮೆಯಲ್ಲಿ ಆ ರಾತ್ರಿ ಎರಡು ರೊಟ್ಟಿ ಹೆಚ್ಚಾಗಿ ತಿಂದೆ.

ಮೂರು ದಿನಕ್ಕೆ ಗುರುಬಸವರಾಜ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಟೀ ಕುಡಿಸಿದ. ಎರಡನೇ ಮಂಚ ಅವನಿಗೆ ಸಿಕ್ಕಿತ್ತು. ಪ್ರವೀಣ್ ಇಬ್ಬರ ಟಿಕೆಟೂ ಬುಕ್ ಮಾಡಿಯಾಗಿತ್ತು. ಅಗ್ಗದ ಟಿಕೆಟು, ಹೆಸರು ಬದಲಾಯಿಸುವಂತಿಲ್ಲ, ದುಡ್ಡು ವಾಪಸ್ ಇಲ್ಲ. ಹಾಗಾದರೆ ಸೀಟು ಹಿಡಿದಿಟ್ಟದ್ದು ಇವನಿಗೇ, ಅವತ್ತು ನನ್ನೆದುರು ಇಬ್ಬರೂ ಸೇರಿ ನಾಟಕ ಆಡಿದರು ಅಂತ ತೀರ್ಮಾನಿಸಿದೆ. ನಾನೂ ಟೀ ಕುಡಿದೆ. ಕಾಸು ಕೊಡದೆ ಕುಡಿದರೂ ಅದು ಕಹಿಯಾಗಿತ್ತು. ಆಮೇಲೆ ಒಂದೂವರೆ ತಿಂಗಳು ಬೋರಣ್ಣನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅವನೂ ನಮ್ಮ ಮನೆ ಕಡೆ ಬರಲಿಲ್ಲ.

ಹೊರಡುವ ದಿನ ಬಂತು. ನಮ್ಮ ಕಡೆ ದೂರ ಹೋಗುವವರಿಗೆ ಬುತ್ತಿ ಕಟ್ಟಿಕೊಡದೆ ಇರುವುದಿಲ್ಲ, ಮಾತು ಬಿಟ್ಟವರಾದರೂ ಕೊಡುತ್ತಾರೆ. ಬಂಗಾರಮ್ಮ ಬೆಳಿಗ್ಗೆಯಿಂದ ರೊಟ್ಟಿ ಬಡಿದು ಒಣಗಿಸಿ, ಗುರೆಳ್ಳು ಪುಡಿ ಕುಟ್ಟಿ, ಡಬ್ಬಿ ನನ್ನ ಕೈಗೆ ಕೊಟ್ಟು ಬಾಗಿಲಿನಿಂದ ಆಚೆ ತಳ್ಳಿದಳು. “ನಿಮ್ಮ ಸಿಟ್ಟು ನಿಮ್ಮಲ್ಲೇ ಇಟ್ಕಳ್ರಿ. ಬುತ್ತಿ ಕೊಟ್ಟು ಬರ್ರಿ.”

ನಾನು ಹೋದಾಗ ಬೋರಣ್ಣ ಕಟಿಂಗ್ ಶಾಪಿಗೆ ಹೋಗಿದ್ದ. ಲಕ್ಷ್ಮಕ್ಕ ಪಡಸಾಲೆಯಲ್ಲಿ ಕೂತು ಮಂಡಕ್ಕಿಯ ಚೀಲವನ್ನು ಒತ್ತಿ ಒತ್ತಿ ಬ್ಯಾಗಿನೊಳಗೆ ತುರುಕುತ್ತಿದ್ದಳು. ಮಂಡಕ್ಕಿಗೆ ತೂಕವಿಲ್ಲ ನಿಜ, ಆದರೆ ಅದು ಜಾಗ ತಿನ್ನುತ್ತದೆ ಅಂತ ಇಡೀ ಸ್ಟ್ಯಾಂಡಿನಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಬಟ್ಟೆಯೆಲ್ಲ ಹೊರಗೇ ಉಳಿದಿತ್ತು. ನನ್ನ ಕೈಯ ಡಬ್ಬಿ ನೋಡಿ ಅವಳ ಕಣ್ಣು ತುಂಬಿತು.

“ಬಂದ್ರಾ ಅಣ್ಣ. ಬರ್ತೀರೋ ಇಲ್ವೋ ಅಂತಿದ್ದೆ. ನಿಮ್ಮ ಮನಸ್ಸು ಏನಿತ್ತೋ, ನಾನಂತೂ ಇವ್ರ ಜೊತೆ ನೀವೇ ಹೋಗ್ತೀರಿ ಅಂದ್ಕಂಡಿದ್ದೆ.”

“ಕರೆದ್ರೆ ಅಲ್ವೇನಮ್ಮ ಹೋಗಾದು?” ಅಂದೆ. ಬೇಡ ಬೇಡವೆಂದರೂ ಮಾತು ಹೊರಗೆ ಬಂತು.

ಲಕ್ಷ್ಮಕ್ಕ ಮಂಡಕ್ಕಿ ಒತ್ತುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

“ಕರೀಲಿಲ್ವಾ? ನಿಮ್ಮ ಮನೆತನಕ ಹೋಗಿ ಟವೆಲ್ ಹಾಕಿ ಬಂದ್ರಲ್ಲಣ್ಣ!”

ಅವಳು ಹೇಳುತ್ತಾ ಹೋದಳು. “ನಿಮ್ಮ ಪಾಸ್‌ಪೋರ್ಟ್ ವಿಚಾರಿಸಾಕೆ ಪೊಲೀಸಿನೋರು ಸ್ಟ್ಯಾಂಡಿಗೆ ಬಂದಿದ್ರಂತೆ. ಇವ್ರೇ ಸಾಕ್ಷಿ ಸಹಿ ಹಾಕಿದ್ದು. ಅವತ್ತು ಮನೆಗೆ ಬಂದು ಏನು ಕುಣಿದ್ರು ಅಂತೀರಿ! ‘ನಾಗೇಂದ್ರಣ್ಣನೂ ಮಾಡಿಸ್ಯಾನೆ ಕಣೇ, ಬಾಯಿ ಬಿಟ್ಟು ಹೇಳವಲ್ಲ’ ಅಂತ. ನೇರ ಕೇಳ್ರಿ ಅಂತ ನಾನಂದೆ. ‘ಬಾಯಿ ಬಿಟ್ಟು ಕೇಳಿದ್ರೆ, ದುಡ್ಡಿಲ್ಲ ಅಂತ ಪಾಪ ಅವನು ಹೆಂಡ್ತಿ ಮುಂದೆ, ಜನದ ಮುಂದೆ ಹೇಳ್ಬೇಕಾಗ್ತೈತೆ. ಟವೆಲ್ ಆದ್ರೆ ಹಂಗಲ್ಲ. ಬೇಡ ಅಂದ್ರೆ ಸುಮ್ನೆ ಎತ್ತಿ ಕಳಿಸ್ತಾನೆ’ ಅಂದ್ರು. ಹೊಸಾದೇ ಆಗ್ಬೇಕು ಅಂತ ಅಂಗಡಿಗೆ ಹೋಗಿ ತಂದ್ರು. ನೀವು ಎತ್ತಿ ಕಳಿಸಿದ್ರಿ. ಬೇಡವಂತೆ ಅಂತಾನೂ ಹೇಳಿ ಕಳಿಸಿದ್ರಿ. ಎರಡು ದಿನ ಸರಿಯಾಗಿ ಉಣ್ಲಿಲ್ಲ ಇವ್ರು.”

ಇಪ್ಪತ್ತೆರಡು ವರ್ಷ ಕಿಟಕಿಯಿಂದ ಟವೆಲು ಬೀಳುವುದನ್ನು ಕನ್ನಡಿಯಲ್ಲಿ ನೋಡಿದವನು ನಾನು. ಆದರೆ ಡ್ರೈವರ್ ಸೀಟಿಗೆ ಯಾರೂ ಟವೆಲು ಹಾಕುವುದಿಲ್ಲ. ನನ್ನ ಸೀಟು ಯಾವಾಗಲೂ ನನಗೇ ಇತ್ತು, ನನಗೆ ಯಾರೂ ಸೀಟು ಹಿಡಿಯುವ ಪ್ರಸಂಗವೇ ಬಂದಿರಲಿಲ್ಲ. ಮನೆ ಬಾಗಿಲಿಗೆ ಬಂದು ಒಬ್ಬ ಮನುಷ್ಯ ನನಗಾಗಿ ಸೀಟು ಹಿಡಿದರೆ, ನಾನು ಅದರಲ್ಲಿ ಗೃಹಪ್ರವೇಶದ ಎಂಜಲು ಕಂಡೆ. ಹೊಟ್ಟೆ ಕೆಡಲಿ, ಮಂಚ ಮುರಿಯಲಿ ಅಂತ ಯಾರಿಗೆ ಶಾಪ ಹಾಕಿದೆನೋ, ಆ ಮನುಷ್ಯ ನಾನೇ. ಜೀವಮಾನದಲ್ಲಿ ಅಷ್ಟು ಹೊಟ್ಟೆಕಿಚ್ಚನ್ನು ನಾನು ಇನ್ಯಾರ ಮೇಲೂ ಪಟ್ಟಿರಲಿಲ್ಲ.

“ಆ ಟವೆಲು ಎಲ್ಲೈತಮ್ಮ?” ಅಂದೆ. ಅದನ್ನಾದರೂ ವಾಪಸ್ ತೆಗೆದುಕೊಂಡು ಹೋಗೋಣ ಅನ್ನಿಸಿತು.

“ಗುರುಬಸವರಾಜಣ್ಣಗೆ ಕೊಟ್ರು. ಸೀಟು ಅವರಿಗೇ ಹೋದ ಮೇಲೆ ಟವೆಲು ಇಟ್ಕಂಡು ಏನ್ಮಾಡಾದು ಅಂತ.”

ಅಷ್ಟರಲ್ಲಿ ಬೋರಣ್ಣ ಬಂದ. ಗಡ್ಡ ಬೋಳಿಸಿ, ಮೀಸೆಗೆ ಬಣ್ಣ ಹಚ್ಚಿಸಿಕೊಂಡಿದ್ದ. ನಾನು ಡಬ್ಬಿ ಕೊಟ್ಟೆ.

“ಬಂಗಾರಮ್ಮ ಕೊಟ್ಲು.”

“ಹೂಂ. ಹೋಗ್ಬರ್ತೀನಿ ನಾಗೇಂದ್ರಣ್ಣ.”

“ಹುಷಾರು.”

ಇಷ್ಟೇ ಆಡಿದ್ದು. ಎಲ್ಲ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಹೇಳಿದರೆ ಅವನ ಪ್ರಯಾಣ ಕೆಡುತ್ತದೆ ಅಂತ ಸುಮ್ಮನಾದೆ ಎಂದು ಬರೆದರೆ ನಾನು ದೊಡ್ಡ ಮನುಷ್ಯನಾಗುತ್ತೇನೆ. ನಿಜವೆಂದರೆ ಹೇಳಲು ನಾಲಿಗೆ ಏಳಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ನನಗೆ ನಾನೇ ಹೇಳಿಕೊಂಡು ಮನೆಗೆ ನಡೆದೆ.

ಮೂರನೇ ದಿನ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದು ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಬೋರಣ್ಣನ ಅಂಗಡಿಗೆ ಬೀಗ. ಮೊಬೈಲು ಹೊಡೆದುಕೊಂಡಿತು. ವಿಡಿಯೋ ಕಾಲು. ತೆರೆದರೆ ಬೋರಣ್ಣನ ಮೂಗು, ಆಮೇಲೆ ಮೀಸೆ, ಆಮೇಲೆ ಪೂರ್ತಿ ಮುಖ.

“ನಾಗೇಂದ್ರಣ್ಣ! ಸಿಕ್ತು! ಮೇಲ್ಗಡೆ, ಮುಂದಿನ ಸೀಟು!”

“ಟವೆಲ್ ಹಾಕಿ ಹಿಡಿದ್ಯಾ?” ಅಂದೆ. ಯಾಕೆ ಅಂದೆನೋ.

ಅವನು ನಕ್ಕ. “ಇಲ್ಲೂ ನಮ್ಮಂಗೇ ಐತೆ ಅಣ್ಣ. ಹೋಟ್ಲಾಗೆ ಟೇಬಲ್ ಹಿಡಿಯಾಕೆ ಮುಖ ಒರೆಸೋ ಪೇಪರಿನ ಪಾಕೀಟು ಇಟ್ಟು ಹೋಗ್ತಾರೆ. ಎಂಥಾ ಸಾಹುಕಾರ ಬಂದ್ರೂ ಅದನ್ನ ಮುಟ್ಟಂಗಿಲ್ಲ. ನಿನ್ನೆ ಅದನ್ನ ನೋಡ್ದಾಗಿಂದ ನಿಮ್ಮದೇ ನೆನಪು.”

ಫೋನು ಪಕ್ಕಕ್ಕೆ ತಿರುಗಿತು. ಪಕ್ಕದ ಸೀಟಿನಲ್ಲಿ, ಅಂದರೆ ನನ್ನ ಸೀಟಿನಲ್ಲಿ, ಗುರುಬಸವರಾಜ್ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಎದುರಿಗೆ ಅಷ್ಟಗಲ ಗಾಜು, ಗಾಜಿನಾಚೆ ಸಿಂಗಾಪುರ. ಅವನ ಹೆಗಲ ಮೇಲೆ ಕೆಂಪು ಅಂಚಿನ ಚೌಕಳಿ ಟವೆಲು, ಅದರ ಮೇಲೆ ಜೊಲ್ಲು.

“ಎಬ್ಬಿಸೋ ಅವನ್ನ! ನಿದ್ದೆ ಮಾಡಾಕೆ ಅಷ್ಟು ದೂರ ಬರ್ಬೇಕಿತ್ತಾ?”

“ಇರ್ಲಿ ಬಿಡ್ರಿ. ಅವ್ರಿಗೆ ರೋಡಿನ ಹುಚ್ಚಿಲ್ಲ.” ಬೋರಣ್ಣ ಫೋನನ್ನು ಗಾಜಿನ ಕಡೆ ತಿರುಗಿಸಿ ಹಿಡಿದ. ಎರಡೂ ಕಡೆ ದೊಡ್ಡ ದೊಡ್ಡ ಮರ, ನಡುವೆ ನುಣ್ಣನೆಯ ರಸ್ತೆ ನಮ್ಮ ಕಡೆಗೇ ಬರುತ್ತಿತ್ತು. ಅವನ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು.

“ಒಂದು ಮಾತು ಹೇಳ್ಲಾ ಅಣ್ಣ? ಎದುರಿಗಿದ್ರೆ ಹೇಳಾಕೆ ಆಗ್ತಿರ್ಲಿಲ್ಲ. ಇಪ್ಪತ್ತೆರಡು ವರ್ಷ ನಾನು ಜನದ ಮುಖ ನೋಡ್ಕಂಡು ಬಂದೀನಿ. ಮುಂದೆ ರೋಡು ಹಿಂಗೆ ಬಿಚ್ಕಂತಾ ಹೋಗಾದು ನಿಮಗೊಬ್ರಿಗೇ ಕಾಣ್ತಿತ್ತು. ನ್ಯಾಮತಿ ಬಿಟ್ಟ ಮೇಲೆ ನೀವು ಒಬ್ರೇ ಏನೋ ಹಾಡು ಗುನುಗ್ತಿದ್ರಿ. ನಾನು ಹಿಂದೆ ಚಿಲ್ರೆಗೆ ಜಗಳ ಆಡ್ತಿದ್ದೆ. ಎಂಥಾ ಹೊಟ್ಟೆಕಿಚ್ಚಿತ್ತು ನಂಗೆ ನಿಮ್ಮ ಮೇಲೆ, ಗೊತ್ತಾ? ಅದಕ್ಕೇ ಈ ಸೀಟು. ನೀವು ನೋಡಿದ್ದನ್ನ ನಿಮ್ಮ ಪಕ್ಕ ಕೂತು ಒಂದ್ಸಲ ನೋಡ್ಬೇಕು ಅಂತ.”

ಎರಡು ಮೀನು, ಒಂದು ಮೀನು ಅಂತ ನಾನು ಲೆಕ್ಕ ಹಾಕುತ್ತಿದ್ದ ಅಷ್ಟೂ ವರ್ಷ ಅವನು ನನ್ನ ಬೆನ್ನ ಹಿಂದೆ ನಿಂತು ಈ ಲೆಕ್ಕ ಹಾಕುತ್ತಿದ್ದನೇ?

“ಹಿಂಗೇ ಕಾಣ್ತಿತ್ತಾ ಅಣ್ಣ?” ಅಂದ.

“ಹಿಂಗೇ,” ಅಂದೆ. “ನಮ್ಮ ರೋಡ್ನಾಗೆ ಗುಂಡಿ ಜಾಸ್ತಿ, ಅಷ್ಟೇ. ಬೋರಣ್ಣ, ಆ ಟವೆಲ್ ವಿಷ್ಯ…”

“ಲಕ್ಷ್ಮಿ ರಾತ್ರಿ ಫೋನ್ ಮಾಡಿ ಹೇಳಿದ್ಲು. ಬಿಡ್ರಿ. ಈಗ ಮುಂದೆ ನೋಡ್ರಿ, ಸಿಗ್ನಲ್ ಬಂತು.”

ಕೆಂಪು ದೀಪ ಬಿತ್ತು. ಹೊನ್ನಾಳಿಯ ಕಲ್ಲುಬೆಂಚಿನ ಮೇಲೆ ಕೂತಿದ್ದ ನಾನು ಬಲಗಾಲು ಒತ್ತಿದೆ. ಬಸ್ಸು ನಿಂತಿತು. ಗುರುಬಸವರಾಜನ ಗೊರಕೆ ಕೇಳಿಸಿತು. ನನಗಿನ್ನೂ ಅವನ ಮೇಲೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ದೀಪ ಹಸಿರಾಯಿತು.

“ರೈಟ್,” ಅಂದ ಬೋರಣ್ಣ.

ನಾನು ಕಾಲೆತ್ತಿದೆ.